ಸೂಪರ್‌ಮ್ಯಾನ್ ಎದೆಯ ಮೇಲಿನ ‘ಎಸ್’ ಅಕ್ಷರವೇ ಅಲ್ಲವಂತೆ, ಹೌದೇ? ಮಗನಿಗೆ ಶಾಲೆಯ ಗ್ಯಾದರಿಂಗ್‌ಗೆ ಆ ವೇಷ ಹಾಕಬೇಕು (ಧಾರವಾಡ)

ಹೌದು, ಕಥೆಯ ಒಳಗೆ ಅದು ಅಕ್ಷರವಲ್ಲ, ಮನೆತನದ ಗುರುತು. ಕ್ರಿಪ್ಟಾನ್ ಗ್ರಹದಲ್ಲಿ ಅವನ ಹೆಸರು ಕಾಲ್-ಎಲ್, ತಂದೆ ಜೋರ್-ಎಲ್. ಆ ‘ಎಲ್’ ಮನೆಯವರ ಚಿಹ್ನೆ ಅದು. ನಮ್ಮ ಕಡೆ ದೇಸಗತಿ ಮನೆತನಕ್ಕೊಂದು ಮುದ್ರೆ ಇದ್ದ ಹಾಗೆ ಅಂದುಕೊಳ್ಳಿ.

ಗೊಂದಲ ಯಾಕೆಂದರೆ ಈ ಅರ್ಥ ಆಮೇಲೆ ಬಂದದ್ದು. 1938ರ ಮೊದಲ ಕಾಮಿಕ್ಸ್‌ನಲ್ಲಿ ಅದು ಹೆಸರಿನ ಮೊದಲಕ್ಷರ, ಅಷ್ಟೇ. 1978ರ ಸಿನಿಮಾದಲ್ಲಿ ತಂದೆಯ ಎದೆಯ ಮೇಲೂ ಅದೇ ಗುರುತು ಬಂತು, ಕ್ರಿಪ್ಟಾನ್‌ನ ಉಳಿದ ಹಿರಿಯರಿಗೆ ಬೇರೆ ಬೇರೆ ಗುರುತು. ಅಲ್ಲಿಂದ ಅದು ಮನೆತನದ್ದಾಯಿತು. 2013ರ ಸಿನಿಮಾದಲ್ಲಿ ಅದಕ್ಕೆ ‘ಭರವಸೆ’ ಎಂಬ ಅರ್ಥವೂ ಇದೆ. ನನಗೆ ಕೇಳಿದರೆ ಮನೆತನದ ಅರ್ಥವೇ ಗಟ್ಟಿ: ಊರು, ಗ್ರಹ ಎಲ್ಲ ಕಳೆದುಕೊಂಡ ಹುಡುಗನ ಹತ್ತಿರ ಉಳಿದ ಗುರುತು ಅದು.

ಇನ್ನು ವೇಷದ ಮಾತು. ಬರೆಯುವಾಗ ಎಲ್ಲರೂ ಎಡವುವುದು ಹಳದಿಯಲ್ಲಿ. ಐದು ಮೂಲೆಯ ಕೆಂಪು ಅಂಚು, ಅದಕ್ಕೆ ತಾಗಿದ ಕೆಂಪು ‘ಎಸ್’. ನಡುವೆ ಉಳಿದ ಸಂದುಗಳಷ್ಟೇ ಹಳದಿ. ‘ಎಸ್’ ಅಂಚಿಗೆ ತಾಗದೆ ನಡುವೆ ತೇಲಿದರೆ ಅಂಗಡಿ ಬೋರ್ಡಿನ ಹಾಗೆ ಕಾಣುತ್ತದೆ. ನೀಲಿ ಬಟ್ಟೆಗೆ ನೇರವಾಗಿ ಹಳದಿ ಬಣ್ಣ ಹಚ್ಚಿದರೆ ಹಸಿರಾಗುತ್ತದೆ. ಮೊದಲು ಒಂದು ಕೈ ಬಿಳಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಳದಿ, ಕೊನೆಗೆ ಕೆಂಪು.