ಬಾಣಂತಿಯ ಕಣ್ಣು ಮಂಜಾದರೆ ಮೊದಲು ರಕ್ತದೊತ್ತಡ ನೋಡಿ

ಪ್ರಶ್ನೆ: ಹೆರಿಗೆಯಾದ ಆರನೆಯ ದಿನ ನನ್ನ ತಂಗಿಗೆ ವಿಪರೀತ ತಲೆನೋವು ಬಂತು. ಶೀತಗಾಳಿ ಹೊಕ್ಕಿರಬೇಕೆಂದು ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದೆವು. ಸಂಜೆ ಕಣ್ಣೇ ಕಾಣಿಸುತ್ತಿಲ್ಲ ಎಂದಳು, ಬಳಿಕ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಬಿ.ಪಿ. 180/110 ಇತ್ತು, ಎಂಆರ್‌ಐ ಮಾಡಿಸಿ ‘ಪ್ರೆಸ್’ ಎಂದರು. ಈಗ ದೃಷ್ಟಿ ಮರಳಿದೆ. ಇದು ಮೂರ್ಛೆರೋಗವೇ? ಮಾತ್ರೆ ಜೀವನಪೂರ್ತಿ ಬೇಕೇ?

ಉತ್ತರ: ನಿಮ್ಮ ತಂಗಿಗೆ ಬಂದದ್ದು ಮೂರ್ಛೆರೋಗವಲ್ಲ. ‘ಪ್ರೆಸ್’ (PRES) ಎಂದರೆ ಮಿದುಳಿನ ಹಿಂಭಾಗದಲ್ಲಿ ಹೆಚ್ಚಾಗಿ ಕಾಣುವ, ಸಾಮಾನ್ಯವಾಗಿ ವಾಸಿಯಾಗುವ ಊತ. ರಕ್ತದೊತ್ತಡ ಹಠಾತ್ತನೆ ಏರಿದಾಗ, ಅಥವಾ ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದಾಗ, ನಾಳಗಳಿಂದ ನೀರಿನಂಶ ಸೋರಿ ಮಿದುಳು ಊದಿಕೊಳ್ಳುತ್ತದೆ. 1996ರಲ್ಲಿ 15 ರೋಗಿಗಳ ವಿವರದೊಂದಿಗೆ ವೈದ್ಯರು ಗುರುತಿಸಿದ ಈ ತೊಂದರೆ ಬಾಣಂತಿಯರಿಗಷ್ಟೇ ಸೀಮಿತವಲ್ಲ. ಮೂತ್ರಪಿಂಡ ಕೆಟ್ಟವರಲ್ಲಿ, ಅಂಗ ಕಸಿಯ ನಂತರ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ನಂಥ ಔಷಧ ಸೇವಿಸುವವರಲ್ಲಿಯೂ ಕಾಣುತ್ತದೆ.

ಊತ ಹೆಚ್ಚಾಗಿ ಮಿದುಳಿನ ಹಿಂಭಾಗದಲ್ಲಿ, ಅಂದರೆ ನೋಟವನ್ನು ಗ್ರಹಿಸುವ ಜಾಗದಲ್ಲೇ ಆಗುವುದರಿಂದ, ಕಣ್ಣಿಗೆ ಏನೂ ಆಗದೆಯೂ ದೃಷ್ಟಿ ಹೋಗುತ್ತದೆ. ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿಯೇ ಕಿರಿದಾಗುತ್ತದೆ, ಆದರೆ ಎದುರಿಗೆ ಹಿಡಿದ ಮಗು ಆಕೆಗೆ ಕಾಣುವುದಿಲ್ಲ. ಇದನ್ನು ನಾಟಕವೆಂದೋ ಬಾಣಂತಿ ಸನ್ನಿಯೆಂದೋ ತಿಳಿದು ಮನೆಯವರು ತಡ ಮಾಡುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ಹೆರಿಗೆಯಾದ ಆರು ವಾರಗಳವರೆಗೂ ತೀವ್ರ ತಲೆನೋವು, ಮಂಜು ದೃಷ್ಟಿ ಅಥವಾ ಗೊಂದಲ ಕಂಡರೆ ಕೂಡಲೇ ರಕ್ತದೊತ್ತಡ ನೋಡಿಸಬೇಕು. 160/110 ಮುಟ್ಟಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಬಾಣಂತಿಯ ಫಿಟ್ಸ್‌ಗೆ ಮೊದಲ ಔಷಧ ಮೆಗ್ನೀಸಿಯಂ ಸಲ್ಫೇಟ್. ಅದು ಮಿತಿಮೀರದಂತೆ ಮಂಡಿಯ ಪ್ರತಿವರ್ತನೆ, ಉಸಿರಾಟ ಮತ್ತು ಮೂತ್ರದ ಪ್ರಮಾಣವನ್ನು ದಾದಿಯರು ಮತ್ತೆಮತ್ತೆ ನೋಡುತ್ತಾರೆ. ಜೊತೆಗೆ ಲ್ಯಾಬೆಟಲಾಲ್‌ನಂಥ ಔಷಧದಿಂದ ರಕ್ತದೊತ್ತಡವನ್ನು ಇಳಿಸಲಾಗುತ್ತದೆ, ಆದರೆ ಒಮ್ಮೆಲೇ ಅಲ್ಲ: ಮೊದಲ ಕೆಲವು ಗಂಟೆಗಳಲ್ಲಿ ಸುಮಾರು ಕಾಲು ಭಾಗ ಮಾತ್ರ, ಏಕೆಂದರೆ ಏಕಾಏಕಿ ಕುಸಿದರೆ ಮಿದುಳಿಗೆ ರಕ್ತವೇ ಸಾಲದಾಗುತ್ತದೆ. ಕಾರಣ ಔಷಧವಾಗಿದ್ದರೆ ಅದನ್ನು ತಜ್ಞರು ಬದಲಿಸುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ.

ಬಹುತೇಕರಲ್ಲಿ ಊತ ದಿನಗಳಿಂದ ವಾರಗಳೊಳಗೆ ಇಳಿಯುತ್ತದೆ. ಆದರೆ ‘ವಾಸಿಯಾಗುವ ಊತ’ ಎಂಬ ಮಾತನ್ನು ನಂಬಿ ಸುಮ್ಮನಿರುವಂತಿಲ್ಲ. ತಡವಾದರೆ ರಕ್ತಸ್ರಾವವಾಗಿ ಶಾಶ್ವತ ಹಾನಿ ಉಳಿಯಬಹುದು. ನಿಮ್ಮ ತಂಗಿಗೆ ಫಿಟ್ಸ್ ಮಾತ್ರೆ ಜೀವನಪೂರ್ತಿ ಬೇಕಾಗುವ ಸಂಭವ ಕಡಿಮೆ. ಊತ ಇಳಿದು ಫಿಟ್ಸ್ ಮರುಕಳಿಸದಿದ್ದರೆ ನರರೋಗ ತಜ್ಞರು ಅದನ್ನು ಹಂತಹಂತವಾಗಿ ನಿಲ್ಲಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಬಸಿರಿನಲ್ಲಿ ಈ ಹಿನ್ನೆಲೆಯನ್ನು ಮೊದಲ ಭೇಟಿಯಲ್ಲೇ ಹೇಳಿದರೆ, 12ನೆಯ ವಾರದ ಆಸುಪಾಸಿನಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.