ಎಫ್‌ಸಿ 2029ರವರೆಗೆ ಇದೆ ಅಂದ್ರೆ ಗಾಡಿ ಚೆನ್ನಾಗಿದೆ ಅಂತಾನಾ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ಮನೆಯಲ್ಲಿ ಏಳು ಜನ. 2014ರ ಸ್ಕಾರ್ಪಿಯೋ ಒಂದನ್ನು ನೋಡಿದ್ದೇವೆ. ಬಳ್ಳಾರಿ ಪಾಸಿಂಗ್, ಕೆಎ-34, ವೈಟ್ ಬೋರ್ಡ್, ಸೆಕೆಂಡ್ ಓನರ್. ಪರಿಚಯದ ಗ್ಯಾರೇಜಿನಲ್ಲಿ ಚೆಕ್ ಮಾಡಿಸಿದೆವು. ಮುಂದಿನ ಬ್ರೇಕ್ ಡಿಸ್ಕ್ ಸವೆದಿದೆ, ಲೋವರ್ ಆರ್ಮ್ ಬುಷ್ (ಚಕ್ರ ಹಿಡಿಯುವ ತೋಳಿನ ರಬ್ಬರ್) ಹೋಗಿವೆ, ಎಂಜಿನ್ ಕೆಳಗೆ ಆಯಿಲ್ ಜಿನುಗುತ್ತಿದೆ, ಟೈರ್ ಹಳೆಯವು ಅಂತ ಬರೆದುಕೊಟ್ಟರು. ಮಾರುವವರು ಮಾತ್ರ "ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) 2029ರವರೆಗೆ ಇದೆ, ಎಮಿಷನ್ ಪಾಸಾಗಿದೆ, ಇನ್ನೇನು ಬೇಕು?" ಅಂತಾರೆ. ಯಾರ ಮಾತು ನಂಬೋದು?

ಉತ್ತರ: ಗ್ಯಾರೇಜಿನವರ ಮಾತು ನಂಬಿ. ಮಾರುವವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರು ತೋರಿಸುತ್ತಿರುವ ತಾರೀಖಿಗೂ ಗಾಡಿಯ ಈಗಿನ ಸ್ಥಿತಿಗೂ ಸಂಬಂಧವೇ ಇಲ್ಲ. ವೈಟ್ ಬೋರ್ಡ್ ಗಾಡಿಗೆ ಆರ್‌ಸಿ (ನೋಂದಣಿ ಪತ್ರ) 15 ವರ್ಷ ನಡೆಯುತ್ತದೆ, ಅವರು ಎಫ್‌ಸಿ ಅನ್ನುತ್ತಿರುವ ತಾರೀಖು ಅದೇ. 2014ಕ್ಕೆ 15 ಸೇರಿಸಿದರೆ 2029, ಅಷ್ಟೇ. ಗಾಡಿ ಹೊಸದಿದ್ದಾಗಲೇ ಬರೆದ ತಾರೀಖು ಅದು. ಯೆಲ್ಲೋ ಬೋರ್ಡ್ ಗಾಡಿಯಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಮನೆಬಳಕೆಯ ಗಾಡಿಗೆ 15 ವರ್ಷ ಆಗುವವರೆಗೂ ಯಾರೂ ಕರೆದು ಬ್ರೇಕ್ ಒತ್ತಿ ನೋಡುವುದಿಲ್ಲ. 15 ಮುಗಿದ ಮೇಲೆ ಫಿಟ್‌ನೆಸ್ ತಪಾಸಣೆ ಆಗಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಆಗುತ್ತದೆ. ಇನ್ನು ಎಮಿಷನ್ ಟೆಸ್ಟ್ ನೋಡುವುದು ಹೊಗೆಯನ್ನು ಮಾತ್ರ. ಬ್ರೇಕ್ ಇಲ್ಲದ ಗಾಡಿಯೂ ಅದರಲ್ಲಿ ಪಾಸಾಗುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಆ ಗ್ಯಾರೇಜ್ ಚೀಟಿಯೇ ಈ ಗಾಡಿಯ ನಿಜವಾದ ಎಫ್‌ಸಿ ಅಂತ ತಿಳಿಯಿರಿ.

ಚೀಟಿಯಲ್ಲಿರುವುದೆಲ್ಲ ಒಂದೇ ತೂಕದ್ದಲ್ಲ. ಬ್ರೇಕ್ ಡಿಸ್ಕಿನಲ್ಲಿ ರಾಜಿ ಬೇಡ. ಡಿಸ್ಕ್ ಮೇಲೆ ಎಷ್ಟು ಮಿ.ಮೀ.ವರೆಗೆ ಸವೆಯಬಹುದು ಅಂತ ಸಾಮಾನ್ಯವಾಗಿ ಕೆತ್ತಿರುತ್ತಾರೆ, ಅದಕ್ಕಿಂತ ತೆಳುವಾಗಿದ್ದರೆ ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಲೇಬೇಕು. ಬುಷ್ ಈ ವಯಸ್ಸಿನ ಗಾಡಿಯಲ್ಲಿ ಹೋಗುವುದು ಸಹಜ, ದೊಡ್ಡ ಖರ್ಚೂ ಅಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿಸಿ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲು ಹೇಳಿ. ಕಟಕಟ ಅಂದರೆ ಬಾಲ್ ಜಾಯಿಂಟ್ (ಚಕ್ರವನ್ನು ತೋಳಿಗೆ ಸೇರಿಸುವ ಕೀಲು) ಅಥವಾ ವೀಲ್ ಬೇರಿಂಗ್ ಸಡಿಲ ಆಗಿರಬಹುದು. ಬಾಲ್ ಜಾಯಿಂಟ್ ಓಡುವಾಗ ಬಿಟ್ಟುಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ. ಸ್ಕಾರ್ಪಿಯೋದಂಥ ಎತ್ತರದ ಗಾಡಿಯಲ್ಲಿ ಅದು ಎಷ್ಟು ಅಪಾಯ ಅಂತ ಹೇಳಬೇಕಾಗಿಲ್ಲ. ಆಯಿಲ್ ಜಿನುಗುವ ಜಾಗ ಒರೆಸಿಸಿ, ಹೊಸಪೇಟೆವರೆಗೆ ಹೋಗಿಬನ್ನಿ. ಬರೀ ಪಸೆ ಕಂಡರೆ ಪರವಾಗಿಲ್ಲ, ಹನಿ ಬಿದ್ದರೆ ಸೀಲ್ ಬದಲಿಸುವ ಖರ್ಚು ರೇಟಿನಲ್ಲಿ ಕಳೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾಗಿದ್ದು. ಗುಂಡಿ, ಅಂದರೆ ಟೈರಿನ ಮೇಲಿನ ಗೀರಿನ ಆಳ, 1.6 ಮಿ.ಮೀ.ಗಿಂತ ಕಡಿಮೆ ಆದರೆ ಕಾನೂನಿನ ಪ್ರಕಾರವೇ ಓಡಿಸುವ ಹಾಗಿಲ್ಲ. ಗುಂಡಿ ಇದ್ದರೂ ರಾಯಚೂರು, ಕೊಪ್ಪಳದ ಬಿಸಿಲಿಗೆ ಹಳೇ ರಬ್ಬರ್ ಬಿರುಕು ಬಿಡುತ್ತದೆ.

ನಿಮ್ಮ ಚೀಟಿಯಲ್ಲಿ ಇಲ್ಲದ ಒಂದು ಸಂಗತಿ ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೆಎ-34 ಗಾಡಿ ಅಂದಮೇಲೆ ಅದು ಎಲ್ಲಿ ಓಡಿದೆ ಅಂತ ಕೇಳಲೇಬೇಕು. ಸಂಡೂರು, ತೋರಣಗಲ್ಲು ಕಡೆ ಗಣಿ ಕೆಲಸಕ್ಕೆ ಓಡಿದ ಗಾಡಿಯಾದರೆ ಕಬ್ಬಿಣದ ಅದಿರಿನ ಧೂಳು ಕುಡಿದಿರುತ್ತದೆ. ಹೊರಗೆ ತೊಳೆದು ಪಾಲಿಶ್ ಮಾಡಿದರೂ ಸೀಟಿನ ಕೆಳಗಿನ ಹಳಿ, ಬಾಗಿಲ ರಬ್ಬರಿನ ಸಂದಿನಲ್ಲಿ ಆ ಕೆಂಪು ಉಳಿದಿರುತ್ತದೆ, ಬೆರಳಿಂದ ಒರೆಸಿ ನೋಡಿ. ಅಲ್ಲಿದ್ದರೆ ಅಷ್ಟೇನೂ ಚಿಂತೆ ಇಲ್ಲ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಫಿಲ್ಟರ್ ದಾಟಿ ಎಂಜಿನ್ ಕಡೆಗೆ ಗಾಳಿ ಹೋಗುವ ಪೈಪಿನ ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆ ಕೆಂಪಾಗಿ ಬಂದರೆ ಧೂಳು ಟರ್ಬೊ, ಪಿಸ್ಟನ್‌ವರೆಗೂ ಹೋಗಿದೆ ಅಂತಲೇ ಲೆಕ್ಕ. ಆಮೇಲೆ ಎಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿಸಿ. ಸಣ್ಣಗೆ ಆವಿ ಬಂದರೆ ಸರಿ, ದಪ್ಪ ಹೊಗೆ ಬುಸುಬುಸು ಅಂತ ಬಂದರೆ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಸ್ಥಿತಿಗೆ ಬಂದಿದೆ. ಇದನ್ನೆಲ್ಲ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಶುರುಮಾಡಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿ ಇದ್ದರೆ, ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರ್ತೀವಿ ಅನ್ನಿ.

ಮೀಟರ್ ನಂಬಬೇಡಿ, ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿ ತೆಗೆಸಿ. ಏರ್‌ಬ್ಯಾಗ್ ಇರುವ ಮಾಡೆಲ್ ಆದರೆ ಕೀ ಆನ್ ಮಾಡಿದಾಗ ಅದರ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಕಿತ್ತಿದ್ದಾರೆ ಅಂತ ಅನುಮಾನ ಪಡಿ. ಇನ್ನೊಂದು, ಹಿಂದೆ ಎದುರುಬದುರು ಸೀಟಿನ ಸ್ಕಾರ್ಪಿಯೋ ಇದಾಗಿದ್ದರೆ ಅಲ್ಲಿ ಬೆಲ್ಟ್ ಇದೆಯಾ ನೋಡಿ. ಏಳು ಜನ ಅಂದಿದ್ದೀರಿ, ಹಿಂದೆ ಕೂರೋದು ಮಕ್ಕಳೇ ಅಲ್ವಾ? ಬೆಲ್ಟ್ ಇಲ್ಲದ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ದೂರದ ಊರಿಗೆ ಹೋಗಬೇಡಿ ಅಂತ ಕೈಮುಗಿದು ಹೇಳ್ತೀನಿ.

ಸ್ಕಾರ್ಪಿಯೋ ಗಟ್ಟಿ ಗಾಡಿ. ಸಿರುಗುಪ್ಪದಿಂದ ಕುಷ್ಟಗಿವರೆಗೆ ಎಲ್ಲಿ ನಿಂತರೂ ಅದರ ಮೆಕ್ಯಾನಿಕ್ ಸಿಗುತ್ತಾರೆ. ಬಟ್ಟೆ ಬೆಳ್ಳಗೆ ಬಂದು ಹೊಗೆ ಇಲ್ಲದಿದ್ದರೆ, ಡಿಸ್ಕ್, ಬುಷ್, ಟೈರಿನ ಖರ್ಚು ಬರೆಸಿ ರೇಟಿನಲ್ಲಿ ಕಳೆದು ತಗೊಳ್ಳಿ. ಬಟ್ಟೆ ಕೆಂಪಾದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಪ್ರಶ್ನೆ: ರಾಯಚೂರಿನಲ್ಲಿದ್ದೇವೆ. ಕರ್ನೂಲಿನಲ್ಲಿ ಆಂಧ್ರ ಪಾಸಿಂಗ್ ಇನ್ನೋವಾ ಇಲ್ಲಿಗಿಂತ ಕಡಿಮೆಗೆ ಸಿಗ್ತಿದೆ. ತರಬಹುದಾ?

ಉತ್ತರ: ತರಬಹುದು, ಆದರೆ ರೇಟು ಹೋಲಿಸುವ ಮೊದಲು ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಆರ್‌ಟಿಓದಲ್ಲಿ ಲೆಕ್ಕ ಹಾಕಿಸಿ. ಅಲ್ಲಿ ಕಟ್ಟಿದ ಟ್ಯಾಕ್ಸ್ ಇಲ್ಲಿಗೆ ನಡೆಯಲ್ಲ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ರಾಯಚೂರಿನ ಕೆಎ-36 ನಂಬರ್ ಮಾಡಿಸಲೇಬೇಕು, ಅದಕ್ಕೆ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದೆ ಅನ್ನುವ ಫಾರ್ಮ್ 35 ಕೂಡ ಬ್ಯಾಂಕಿನಿಂದ ಬೇಕು. ಈ ಎರಡೂ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಅಡ್ವಾನ್ಸ್ ಕೊಟ್ಟರೂ ಬ್ಯಾಂಕ್ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ.