ಉಚಿತ ಎಂದ ಮೇಲೆ ಬಿಲ್ ಏಕೆ?

ಪ್ರಶ್ನೆ: ಶಿರಸಿ ತಾಲ್ಲೂಕಿನ ಒಂದು ಸಹಕಾರ ಸಂಘದ ಕಾರ್ಯದರ್ಶಿ ನಾನು. ಸದಸ್ಯರ ಅಡಿಕೆ, ಕಾಳುಮೆಣಸು ಮತ್ತು ಕಿರಾಣಿ ವಿಭಾಗದ ಲೆಕ್ಕಕ್ಕೆ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಡುವುದಾಗಿ ಹುಬ್ಬಳ್ಳಿಯ ಒಬ್ಬರು ಬಂದಿದ್ದಾರೆ. ತಂತ್ರಾಂಶ ಉಚಿತವಂತೆ, ಅಳವಡಿಕೆಗೂ ವರ್ಷದ ನಿರ್ವಹಣೆಗೂ ಹಣ ಕೊಡಬೇಕಂತೆ. ಉಚಿತವಾದದ್ದಕ್ಕೆ ಬಿಲ್ ಏಕೆ, ತಯಾರಿಸಿದವರೇ ನಾಳೆ ಕೈಬಿಟ್ಟರೆ ಏನು ಗತಿ ಎಂದು ಆಡಳಿತ ಮಂಡಳಿಯವರು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕನ್ನಡದಲ್ಲಿ ‘ಮುಕ್ತ’ ಬೇರೆ, ‘ಉಚಿತ’ ಬೇರೆ. ಮುಕ್ತವೆಂದರೆ ತಂತ್ರಾಂಶದ ಕೋಡನ್ನು, ಅಂದರೆ ಅದರ ಮೂಲ ಬರಹವನ್ನು, ಯಾರು ಬೇಕಾದರೂ ನೋಡಬಹುದು, ಬದಲಿಸಬಹುದು, ಹಂಚಬಹುದು. ಉಚಿತವೆಂದರೆ ಬೆಲೆಯಿಲ್ಲದ್ದು, ಅಷ್ಟೆ. ನಿಮಗೆ ಬೇಕಾದದ್ದು ಮೊದಲನೆಯದು. ತೋಟ ನಿಮ್ಮದೇ ಆದರೂ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಕೂಲಿ ಕೊಡುತ್ತೀರಿ. ಕೂಲಿ ಪಡೆದ ಮಾತ್ರಕ್ಕೆ ತೋಟ ಅವರದಾಗುವುದಿಲ್ಲ. ಒಂದು ವರ್ಷ ಅವರು ಬಾರದಿದ್ದರೆ ಪಕ್ಕದ ಊರಿನವರನ್ನು ಕರೆಯುತ್ತೀರಿ. ಹುಬ್ಬಳ್ಳಿಯವರು ಕೇಳುತ್ತಿರುವುದು ಆ ಕೂಲಿಯನ್ನು. ಕೊಡಿ, ಆದರೆ ತೋಟದ ಬೇಲಿಗೆ ಅವರದೇ ಬೀಗ ಬೀಳದಂತೆ ನೋಡಿಕೊಳ್ಳಿ.

ತಯಾರಿಸಿದವರ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಇಆರ್‌ಪಿನೆಕ್ಸ್ಟ್ ಮುಂಬೈಯ ಫ್ರಾಪೆ ಕಂಪನಿಯದು. ತನ್ನ ಕ್ಲೌಡ್‌ನಲ್ಲಿ ತಂತ್ರಾಂಶ ನಡೆಸಿಕೊಟ್ಟು ಅದು ಬಾಡಿಗೆ ಪಡೆಯುತ್ತದೆ. ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಬೆಂಬಲ ಮಾರುತ್ತಲೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 34 ಶತಕೋಟಿ ಡಾಲರ್‌ಗೆ ಕೊಂಡಿತು. ಗಿಟ್‌ಲ್ಯಾಬ್‌ನಂಥವರು ಮುಖ್ಯ ಭಾಗವನ್ನು ಮುಕ್ತವಾಗಿಟ್ಟು, ಕೆಲವು ಸೌಲಭ್ಯಗಳನ್ನು ಹಣ ಕೊಟ್ಟವರಿಗೆ ಮಾತ್ರ ತೆರೆಯುತ್ತಾರೆ. ಈ ಮೂರನೆಯ ಬಗೆಯಲ್ಲಿ ನಿಮಗೆ ಬೇಕಾದದ್ದು ಬೀಗದ ಯಾವ ಬದಿಯಲ್ಲಿದೆ ಎಂದು ಮೊದಲೇ ತಿಳಿದಿರಬೇಕು.

ಇದಕ್ಕಿಂತ ನನ್ನನ್ನು ಕಾಡುವುದು ಮುಕ್ತವಾಗಿದ್ದ ಪರವಾನಗಿಯನ್ನು ನಡುದಾರಿಯಲ್ಲಿ ಬಿಗಿಗೊಳಿಸುವ ಚಾಳಿ. ಇಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ, ಹೀಗೆ ಮೂರು ತಂತ್ರಾಂಶ ಕಂಪನಿಗಳು ಇದನ್ನು ಮಾಡಿದವು. ತಾವು ಬೆವರು ಸುರಿಸಿ ಕಟ್ಟಿದ್ದನ್ನು ಬೇರೆ ಕಂಪನಿಗಳು ಮಾರಿ ಲಾಭ ಮಾಡಿಕೊಳ್ಳುತ್ತಿವೆ ಎಂಬುದು ಅವುಗಳ ದೂರು. ದೂರಿನಲ್ಲಿ ಹುರುಳಿದೆ, ಆದರೂ ನಂಬಿ ಬಂದವರಿಗೆ ಅದು ವಚನಭಂಗವೇ. ಸಮಾಧಾನದ ಸಂಗತಿಯೆಂದರೆ, ಆಗಲೇ ಬಿಡುಗಡೆಯಾದ ಆವೃತ್ತಿಯ ಮೇಲಿನ ಹಕ್ಕನ್ನು ಹಿಂದೆ ಪಡೆಯಲು ಬರುವುದಿಲ್ಲ. ಹಾಗೆ ಉಳಿದ ಕೋಡ್‌ನಿಂದಲೇ ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕೀ ಎಂಬ ಮುಕ್ತ ತಂತ್ರಾಂಶಗಳು ಕ್ರಮವಾಗಿ ಕವಲೊಡೆದವು. ಇಲಾಸ್ಟಿಕ್ ಮತ್ತು ರೆಡಿಸ್ ಮುಂದೆ ಮುಕ್ತ ಪರವಾನಗಿಯ ಆಯ್ಕೆಯನ್ನು ಮತ್ತೆ ಕೊಟ್ಟವು.

ಅಂದರೆ ಕಂಪನಿ ಕೈಬಿಟ್ಟರೂ ಕೋಡ್ ಉಳಿಯುತ್ತದೆ. ಅದನ್ನು ಎತ್ತಿಕೊಳ್ಳುವ ಕೈಗಳು ಬೇಕು, ಅಷ್ಟೆ. ಕೋಡ್ ಇಡುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಇಆರ್‌ಪಿನೆಕ್ಸ್ಟ್‌ನ ಪುಟ ತೆರೆದು ಕೊನೆಯ ಆವೃತ್ತಿ ಯಾವಾಗ ಬಂತು, ಕಂಪನಿಯ ಹೊರಗಿನವರು ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ, ದೂರುಗಳಿಗೆ ಉತ್ತರ ಸಿಗುತ್ತಿದೆಯೇ ಎಂದು ನೋಡಿ. ಹುಬ್ಬಳ್ಳಿಯವರಲ್ಲದೆ ಇದನ್ನು ಬಲ್ಲ ಇನ್ನೊಬ್ಬರು ನಮ್ಮ ಭಾಗದಲ್ಲಿ ಇದ್ದಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನಿಮಗೆ ಹೆಚ್ಚು ಮುಖ್ಯವಾದದ್ದು ಇದು.

ಕರಾವಳಿಯ ಒಂದು ಗ್ರಂಥಾಲಯದಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಳ್ಳೆಯ ಮುಕ್ತ ತಂತ್ರಾಂಶವನ್ನೇ ಹಾಕಿದ್ದರು. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. ಬ್ಯಾಕಪ್ ಪ್ರತಿ ರಾತ್ರಿ ತಪ್ಪದೆ ಆಗುತ್ತಿತ್ತು, ಆದರೆ ಅದೇ ಡಿಸ್ಕಿನ ಇನ್ನೊಂದು ಭಾಗಕ್ಕೆ. ಜೂನ್ ತಿಂಗಳ ಒಂದು ಸಿಡಿಲಿಗೆ ಎರಡೂ ಹೋದವು. ನಾನು ಹೋದಾಗ ಇಬ್ಬರು ಸಿಬ್ಬಂದಿ ಹಳೆಯ ರಿಜಿಸ್ಟರ್ ಬಿಡಿಸಿಟ್ಟುಕೊಂಡು, ಬೆರಳಿಟ್ಟು ಒಂದೊಂದೇ ಪುಸ್ತಕದ ಸಂಖ್ಯೆ ಓದಿ ಮತ್ತೆ ಟೈಪ್ ಮಾಡುತ್ತಿದ್ದರು.

ಆದ್ದರಿಂದ ಸಹಿ ಹಾಕುವ ಮೊದಲು ಒಂದು ದಿನ ಅವರನ್ನು ಸಂಘಕ್ಕೆ ಕರೆಸಿ. ಕಳೆದ ಹಂಗಾಮಿನ ಒಬ್ಬ ಸದಸ್ಯರ ವ್ಯವಹಾರವನ್ನು ಪೂರ್ತಿ ಏರಿಸಲು ಹೇಳಿ: ರಾಶಿ ಅಡಿಕೆ ಎಷ್ಟು, ಚಾಲಿ ಅಡಿಕೆ ಎಷ್ಟು, ಟೆಂಡರ್ ದರ, ಮುಂಗಡದ ಕಡಿತ, ಎಲ್ಲವೂ. ಬ್ಯಾಕಪ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಸಿ. ಇಂಟರ್‌ನೆಟ್ ತಂತಿ ಕಿತ್ತ ಮತ್ತೊಂದು ಕಂಪ್ಯೂಟರಿನಲ್ಲಿ, ಅದೇ ತಂತ್ರಾಂಶ ಮೊದಲೇ ಹಾಕಿಟ್ಟದ್ದರಲ್ಲಿ, ಅದನ್ನು ಮತ್ತೆ ಜೀವಕ್ಕೆ ತರಿಸಿ ಪಟ್ಟಿ ಮುದ್ರಿಸಿ. ಪೈಸೆಯೂ ವ್ಯತ್ಯಾಸವಾಗಬಾರದು, ಒತ್ತಕ್ಷರಗಳು ಒಡೆಯಬಾರದು. ನಮ್ಮಲ್ಲಿ ಮಳೆಗಾಲದಲ್ಲಿ ಎಷ್ಟು ದಿನ ನೆಟ್‌ವರ್ಕ್ ಇರುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ.

ಕರಾರಿನಲ್ಲಿ ಒಂದು ಮಾತು ಬರೆಸಲೇಬೇಕು. ಇಆರ್‌ಪಿನೆಕ್ಸ್ಟ್‌ನದು ಜಿಪಿಎಲ್ ಮೂರನೆಯ ಆವೃತ್ತಿಯ ಪರವಾನಗಿ. ತಂತ್ರಾಂಶವನ್ನು ನಿಮ್ಮ ಕೈಗೆ ಕೊಟ್ಟರೆ ಸೋರ್ಸ್ ಕೋಡನ್ನೂ ಕೊಡಬೇಕಾಗುತ್ತದೆ. ತಮ್ಮದೇ ಸರ್ವರ್‌ನಲ್ಲಿ ನಡೆಸಿಕೊಟ್ಟರೆ ಆ ಬಾಧ್ಯತೆ ಇಲ್ಲ. ನಿಮ್ಮ ಹಣದಲ್ಲಿ ಮಾಡಿದ ಮಾರ್ಪಾಡುಗಳು ಅವರಲ್ಲೇ ಉಳಿದುಬಿಡಬಹುದು. ಸರ್ವರ್ ಎಲ್ಲೇ ಇರಲಿ, ಮಾರ್ಪಾಡಿನ ಕೋಡ್ ಮತ್ತು ಮುಖ್ಯ ಪಾಸ್‌ವರ್ಡ್ ಸಂಘದ ತಿಜೋರಿಯಲ್ಲಿರಬೇಕು.

ಇನ್ನೊಂದು ಸಂಗತಿ. ನಿಮ್ಮದು ಪ್ರಾಥಮಿಕ ಕೃಷಿ ಪತ್ತಿನ ಸಂಘವಾಗಿದ್ದರೆ, 63,000 ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿದ ಯೋಜನೆಯಲ್ಲಿ ಎಲ್ಲರಿಗೂ ಒಂದೇ ತಂತ್ರಾಂಶ ಇದೆ. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಜಿಲ್ಲಾ ಸಹಕಾರ ಬ್ಯಾಂಕಾದ ಕೆಡಿಸಿಸಿ ಬ್ಯಾಂಕಿನಲ್ಲಿ ಕೇಳಿಕೊಂಡು ಬಂದು, ಆಮೇಲೆ ಹುಬ್ಬಳ್ಳಿಯವರಿಗೆ ದಿನ ಗೊತ್ತು ಮಾಡಿ.